ಸರ್‌ನೇಮಿನ ಬಾಲ ಹಿಡಿದು ಜನಾಂಗ ಹುಡುಕಬೇಡಿ

ಒಂದು ಟ್ಯೂಬಿನಲ್ಲಿ ಜೊಲ್ಲು ತುಂಬಿ ಕೊರಿಯರ್ ಮಾಡಿದರೆ ನಿಮ್ಮ ಪೂರ್ವಜರು ಶೇಕಡಾ ಎಷ್ಟು ಯಾರು ಅಂತ ವರದಿ ಬರುವ ಕಾಲ ಇದು. ಜೊತೆಗೆ ಸರ್‌ನೇಮ್ ಟೈಪ್ ಮಾಡಿ ಚರ್ಚಿನ ಹಳೇ ರಿಜಿಸ್ಟರಿನ ಒಂದು ಪುಟ ಸಿಕ್ಕಿತೋ, 'ನಾವು ಇಂಥವರೇ' ಅನ್ನೋ ತೀರ್ಪು ರೆಡಿ. ಈ ತೀರ್ಪು ಎಷ್ಟು ಪೊಳ್ಳು, ಎಷ್ಟು ಅಪಾಯಕಾರಿ ಅಂತ ತಿಳಿಯೋಕೆ ಲೆಮ್ಕೊ ಜನರ ಕಥೆ ಸಾಕು.

ಲೆಮ್ಕೊಗಳು ಕಾರ್ಪೇಥಿಯನ್ ಬೆಟ್ಟಸಾಲಿನವರು. ಇವತ್ತಿನ ಪೋಲೆಂಡಿನ ಆಗ್ನೇಯ ಭಾಗ, ಸ್ಲೊವಾಕಿಯಾ ಗಡಿಯ ಪಕ್ಕ ಅವರ ಹಳ್ಳಿಗಳು. ಮಾತು ಪೂರ್ವ ಸ್ಲಾವ್ ಬಳಗದ್ದು. ಪೂಜೆ ಬೈಜಾಂಟೈನ್ ಪದ್ಧತಿಯದ್ದಾದರೂ ನಿಷ್ಠೆ ಪೋಪರಿಗೆ, ಅಂದರೆ ಗ್ರೀಕ್ ಕ್ಯಾಥೊಲಿಕ್. 19ನೇ ಶತಮಾನದ ಕೊನೆಯಿಂದ ಸಾವಿರಾರು ಮಂದಿ ದುಡಿಯಲು ಅಮೆರಿಕಕ್ಕೆ ಹೋದರು. ಅವರ ಮರಿಮಕ್ಕಳು ಈಗ ಮುತ್ತಜ್ಜನ ಊರು ಹುಡುಕುತ್ತಿದ್ದಾರೆ. ಹುಡುಕಲಿ, ಸಂತೋಷ. ನನ್ನ ತಕರಾರು ಇರೋದು ಕೇಳುವ ಪ್ರಶ್ನೆಯ ಬಗ್ಗೆ: 'ಈ ಸರ್‌ನೇಮ್ ಪೋಲಿಷ್ಷಾ, ಉಕ್ರೇನಿಯನ್ನಾ, ರಷ್ಯನ್ನಾ?'

'ಫೆಡೋರ್ಚಾಕ್' ಅನ್ನೋ ಹೆಸರನ್ನೇ ತಗೊಳ್ಳಿ. ಫೆಡೋರನ ಕಡೆಯವನು ಅಂತಷ್ಟೇ ಅದರ ಅರ್ಥ. ಅದನ್ನು ಒಬ್ಬ ಸಿರಿಲಿಕ್ಕಿನಲ್ಲಿ ಬರೆದ, ಇನ್ನೊಬ್ಬ ಪೋಲಿಷ್ ಕಾಗುಣಿತದಲ್ಲಿ, ಮತ್ತೊಬ್ಬ ಇಂಗ್ಲಿಷಿನಲ್ಲಿ. ಬದಲಾದದ್ದು ಅಕ್ಷರ, ಆಸಾಮಿ ಅಲ್ಲ. 'ಎಲ್ಲಿಸ್ ಐಲ್ಯಾಂಡಿನ ಅಧಿಕಾರಿ ನಮ್ಮಜ್ಜನ ಹೆಸರು ಕೆಡಿಸಿಬಿಟ್ಟ' ಎಂಬ ಜನಪ್ರಿಯ ಕಥೆಯೂ ನಿಲ್ಲೋದಿಲ್ಲ. ಅಲ್ಲಿನ ಅಧಿಕಾರಿಗಳು ಹಡಗು ಕಂಪನಿ ತಂದುಕೊಟ್ಟ ಪಟ್ಟಿಗೆ ತಾಳೆ ನೋಡುತ್ತಿದ್ದರು, ಅಷ್ಟೇ. ಹೆಸರು ಬದಲಿಸಿಕೊಂಡವರು ಹೆಚ್ಚಾಗಿ ವಲಸಿಗರು ಮತ್ತವರ ಮಕ್ಕಳೇ. ಲೆಮ್ಕೊಗಳ ಬಳಗದವರೇ ಆದ ರೂಸಿನ್ ದಂಪತಿ ವರ್ಹೊಲಾ, ಸ್ಲೊವಾಕಿಯಾದ ಮಿಕೊವಾ ಹಳ್ಳಿಯವರು. ಅವರ ಮಗ ಹೆಸರಿನ ಕೊನೆಯ ಅಕ್ಷರ ತಾನೇ ಕಿತ್ತುಹಾಕಿ ಆಂಡಿ ವಾರ್ಹೋಲ್ ಆದ.

'ಸರ್‌ನೇಮ್ ಬಿಡಿ, ಧರ್ಮ ಇದೆಯಲ್ಲ? ಗ್ರೀಕ್ ಕ್ಯಾಥೊಲಿಕ್ ಅಂದ್ರೆ ಉಕ್ರೇನಿಯನ್ ತಾನೆ?' ಇದು ಇನ್ನೊಂದು ಶಾರ್ಟ್‌ಕಟ್. 1926ರಲ್ಲಿ ತಿಲಾವಾ ಹಳ್ಳಿಯವರು ಗ್ರೀಕ್ ಕ್ಯಾಥೊಲಿಕ್ ಚರ್ಚ್ ಬಿಟ್ಟು ಆರ್ಥಡಾಕ್ಸ್ ಆದರು. ಬೆನ್ನಿಗೇ ಇನ್ನೂ ಹಲವು ಹಳ್ಳಿಗಳು ಹೊರಟವು. ಪಾದ್ರಿಗಳ ಉಕ್ರೇನಿಯನ್ ಒಲವು ಹಿಡಿಸದೇ ಇದ್ದದ್ದೂ ಅದಕ್ಕೊಂದು ಕಾರಣ. 1934ರಲ್ಲಿ ವ್ಯಾಟಿಕನ್ ಲೆಮ್ಕೊ ನಾಡಿಗೇ ಬೇರೆ ಧಾರ್ಮಿಕ ಆಡಳಿತ ಮಾಡಬೇಕಾಯಿತು. ಅಣ್ಣನ ಹೆಸರು ಒಂದು ಚರ್ಚಿನ ರಿಜಿಸ್ಟರಿನಲ್ಲಿ, ತಮ್ಮನದು ಇನ್ನೊಂದರಲ್ಲಿ ಇದ್ದರೆ ಅವರ ಜನಾಂಗ ಬೇರೆ ಆಗಿಬಿಡ್ತಾ?

ಇದೇ ಲೆಕ್ಕವನ್ನು ಬಂದೂಕು ಹಿಡಿದವರೂ ಮಾಡಿದ್ದರು ಅನ್ನೋದು ನೆನಪಿರಲಿ. 1947ರ 'ವಿಸ್ತುಲಾ ಕಾರ್ಯಾಚರಣೆ'ಯಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ, ಉಕ್ರೇನಿಯನ್ ಬಂಡುಕೋರರನ್ನು ಹತ್ತಿಕ್ಕುವ ಹೆಸರಿನಲ್ಲಿ, ಸುಮಾರು 1,40,000 ಉಕ್ರೇನಿಯನ್ನರನ್ನೂ ಲೆಮ್ಕೊಗಳನ್ನೂ ಊರು ಬಿಡಿಸಿ ದೇಶದ ಪಶ್ಚಿಮ, ಉತ್ತರ ಭಾಗಗಳಿಗೆ ಚದುರಿಸಿತು. ನೀನು ಯಾರು ಅಂತ ಯಾರೂ ಕೇಳಲಿಲ್ಲ. ಚರ್ಚು, ಕಾಗದಪತ್ರ ನೋಡಿ ಅವರೇ ತೀರ್ಮಾನಿಸಿದರು. ಮಿಶ್ರ ಕುಟುಂಬಗಳನ್ನೂ ಬಿಡಲಿಲ್ಲ. 1990ರಲ್ಲಿ ಪೋಲೆಂಡಿನ ಸೆನೆಟ್ ಇದನ್ನು ಖಂಡಿಸಿತು. ಅಷ್ಟರಲ್ಲಿ ಎಷ್ಟೋ ಹಳ್ಳಿಗಳೇ ಉಳಿದಿರಲಿಲ್ಲ.

ಹಾಗಾದ್ರೆ ಗುರುತೇ ಬೇಡವಾ ಅಂತೀರಾ? ಬೇಕು. ಆದರೆ ಅದನ್ನು ಹೇಳಬೇಕಾದವರು ಬದುಕಿರುವವರು. ಇವತ್ತು ಕೆಲವು ಲೆಮ್ಕೊಗಳು ತಾವು ಉಕ್ರೇನಿಯನ್ನರು ಅಂತಾರೆ, ಇನ್ನು ಕೆಲವರು ನಾವು ಬೇರೆಯೇ ಅಂತಾರೆ. 2005ರ ಪೋಲಿಷ್ ಕಾನೂನು ಲೆಮ್ಕೊಗಳನ್ನು ಅಲ್ಪಸಂಖ್ಯಾತ ಜನಾಂಗ ಅಂತ ಒಪ್ಪಿದೆ. ಸತ್ತವರ ಬಾಯಲ್ಲಿ ನಮ್ಮ ಉತ್ತರ ತುರುಕೋ ಅಗತ್ಯ ಏನಿದೆ?

ರಿಜಿಸ್ಟರ್ ಓದಿ, ಆದರೆ ಅದು ಹೇಳೋದನ್ನು ಓದಿ. ಆ ನಾಡನ್ನು ಆಳುತ್ತಿದ್ದ ಆಸ್ಟ್ರಿಯಾದ ದೊರೆ ಎರಡನೇ ಜೋಸೆಫ್ 1784ರಲ್ಲಿ ಹೊರಡಿಸಿದ ಆಜ್ಞೆಯಿಂದಾಗಿ ಹುಟ್ಟು, ಮದುವೆ, ಸಾವು ಎಲ್ಲಕ್ಕೂ ಬೇರೆ ಬೇರೆ ಕೋಷ್ಟಕಗಳಿವೆ. ಮನೆ ನಂಬರ್ ಇದೆ. ಒಂದೇ ಸರ್‌ನೇಮಿನ ಹತ್ತು ಮನೆ ಇರುವ ಹಳ್ಳಿಯಲ್ಲಿ ನಿಮ್ಮವರು ಯಾರು ಅಂತ ಹೇಳೋದು ಸರ್‌ನೇಮ್ ಅಲ್ಲ, ಆ ನಂಬರ್. ಮಗುವಿಗೆ ಜ್ಞಾನಸ್ನಾನದಲ್ಲಿ ಜ್ಞಾನತಂದೆ, ಜ್ಞಾನತಾಯಿ ಆಗಿ ನಿಂತವರು ಯಾರು ಅಂತ ಇದೆ. ಯಾವ ಮನೆಗೂ ಯಾವ ಮನೆಗೂ ಒಡನಾಟ ಇತ್ತು ಅನ್ನೋದು ಅಲ್ಲಿ ಗೊತ್ತಾಗುತ್ತೆ. ಸಾವಿನ ಕಾರಣ ಇದೆ. ಒಂದೇ ತಿಂಗಳಲ್ಲಿ ಒಂದೇ ಮನೆಯ ಮೂರು ಮಕ್ಕಳ ಹೆಸರು ಬಂದರೆ ಆ ಮನೆಗೆ ಏನಾಯ್ತು ಅಂತ ಯಾರೂ ವಿವರಿಸಬೇಕಿಲ್ಲ. ಇಷ್ಟೆಲ್ಲ ದಾಟಿಕೊಂಡು ನೇರ ಧರ್ಮದ ಕಾಲಮ್ಮಿಗೆ ಹಾರುವವರಿಗೆ ಬೇಕಿರೋದು ಅಜ್ಜ ಅಲ್ಲ, ಸರ್ಟಿಫಿಕೇಟು.

ಚಿತ್ರಕಾರ ನಿಕಿಫೋರ್ ಕ್ರಿನಿತ್ಸಾ ಊರಿನ ಲೆಮ್ಕೊ. 1947ರಲ್ಲಿ ಅವನನ್ನೂ ಸಾಗಹಾಕಿದರು, ಅವನು ಊರಿಗೆ ವಾಪಸ್ ಬಂದ. 1962ರಲ್ಲಿ ಸರ್ಕಾರ ಅವನಿಗೆ ಊರಿನ ಹೆಸರನ್ನೇ ಸರ್‌ನೇಮ್ ಮಾಡಿ 'ನಿಕಿಫೋರ್ ಕ್ರಿನಿತ್ಸ್ಕಿ' ಅಂತ ದಾಖಲೆ ಕೊಟ್ಟಿತು. ಅವನು ತೀರಿಕೊಂಡದ್ದು 1968ರಲ್ಲಿ. ಅವನ ನಿಜವಾದ ಹೆಸರು ಎಪಿಫಾನಿ ದ್ರೋವ್‌ನ್ಯಾಕ್ ಅಂತ ನ್ಯಾಯಾಲಯ ಒಪ್ಪಿದ್ದು 2003ರಲ್ಲಿ. ದಾಖಲೆ ಹುಡುಕುವ ಕೆಲಸಕ್ಕೆ ಬೆಲೆ ಇರೋದು ಇಂಥದ್ದಕ್ಕೆ: ಒಬ್ಬ ಮನುಷ್ಯನಿಗೆ ಅವನ ಹೆಸರು ವಾಪಸ್ ಕೊಡೋದಕ್ಕೆ. ಆ ಹೆಸರನ್ನು ಯಾವ ದೇಶದ ಖಾತೆಗೆ ಜಮಾ ಮಾಡಬೇಕು ಅನ್ನೋದು ನಮ್ಮ ಕೆಲಸ ಅಲ್ಲ.