ನಾಯಿಯ ಬೆವರು ನಾಲಿಗೆಯಲ್ಲಿ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಘೋಡಗೇರಿಯಂಥ ಊರುಗಳ ತೋಟದ ಮನೆಗಳಲ್ಲಿ ಒಂದು ನೋಟ ಸಾಮಾನ್ಯ. ಮನೆಯವರು ಬೇವಿನ ನೆರಳಿಗೆ ಹೊರಸು ಎಳೆದುಕೊಳ್ಳುತ್ತಾರೆ. ಎತ್ತು, ಎಮ್ಮೆಗಳನ್ನೂ ನೆರಳಿಗೆ ತಂದು ಕಟ್ಟುತ್ತಾರೆ. ನಾಯಿ ಮಾತ್ರ ಮುಂಜಾನೆ ಕಟ್ಟಿದ ಗೂಟದಲ್ಲೇ ಇರುತ್ತದೆ. ಮುಂಜಾನೆ ಅಲ್ಲಿ ನೆರಳಿತ್ತು. ಹೊತ್ತು ಏರಿದಂತೆ ನೆರಳು ಸರಿಯಿತು, ಸರಪಳಿ ಸರಿಯಲಿಲ್ಲ. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದರೆ, ಅದು ಅದರ ಸ್ವಭಾವ ಎಂದು ಎಲ್ಲರೂ ಸುಮ್ಮನಿರುತ್ತಾರೆ.

ಆದರೆ ಅದು ಸ್ವಭಾವವಷ್ಟೇ ಅಲ್ಲ, ಜೀವ ಉಳಿಸಿಕೊಳ್ಳುವ ಕೆಲಸ. ಮನುಷ್ಯನಿಗೆ ಮೈಯೆಲ್ಲ ಬೆವರುತ್ತದೆ. ಬೆವರು ಆವಿಯಾಗುವಾಗ ದೇಹದ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅರ್ಧ ಲೀಟರಿಗಿಂತ ಹೆಚ್ಚು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಇಳಿಸಲು ತೆಗೆಯಬೇಕಾದಷ್ಟು ಶಾಖ ಇದು! ನಾಯಿಗೆ ಈ ಸೌಕರ್ಯ ಇಲ್ಲ. ಅದು ಬೆವರುವುದು ಮುಖ್ಯವಾಗಿ ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ. ಆದ್ದರಿಂದ ನಾಲಿಗೆ, ಬಾಯಿ ಮತ್ತು ಮೂಗಿನೊಳಗಿನ ತೇವದ ಮೇಲೆ ಗಾಳಿಯಾಡಿಸಿ ಅದು ಮೈ ತಣಿಸಿಕೊಳ್ಳುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡುವ ನಾಯಿ, ತೇಕುವಾಗ 200ನ್ನೂ ದಾಟಬಹುದು.

ಆರೋಗ್ಯವಂತ ನಾಯಿಯ ಮೈಯ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿತೆಂದರೆ ಪ್ರಾಣಕ್ಕೇ ಅಪಾಯ. ಗಾಳಿಯಾಡದ ತಗಡಿನ ಶೆಡ್ಡು, ಕಿಟಕಿ ಮುಚ್ಚಿದ ಕಾರು, ನಡುಮಧ್ಯಾಹ್ನದ ಓಟ, ಇವು ಮೂರೂ ಸ್ವಲ್ಪ ಹೊತ್ತಿನಲ್ಲೇ ನಾಯಿಯನ್ನು ಅಲ್ಲಿಗೆ ಮುಟ್ಟಿಸಬಲ್ಲವು. ಮೊದಲ ಮಳೆಗೆ ಮುಂಚಿನ ಧಗೆಯ ದಿನಗಳೂ ಹಾಗೆಯೇ. ಗಾಳಿಯಲ್ಲಿ ತೇವ ತುಂಬಿದಾಗ ಒಗೆದ ಬಟ್ಟೆ ಬೇಗ ಒಣಗುವುದಿಲ್ಲ. ನಾಯಿಯ ನಾಲಿಗೆಯ ಮೇಲಿನ ನೀರೂ ಬೇಗ ಆರುವುದಿಲ್ಲ. ಅದು ಎಷ್ಟು ತೇಕಿದರೂ ಮೈ ತಣಿಯುವುದಿಲ್ಲ.

ಜೊಲ್ಲು ಸುರಿಸುತ್ತ ನಾಯಿ ತೂರಾಡಿದರೆ, ವಾಂತಿ ಮಾಡಿದರೆ ಅಥವಾ ಕುಸಿದು ಬಿದ್ದರೆ ತಡಮಾಡಬಾರದು. ಕೂಡಲೇ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಅನಂತರ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಹಸಿ ಗೋಣಿಚೀಲ ಹೊದಿಸಿ ಬಿಡುವುದು ತಪ್ಪು. ಗಾಳಿ ತಗಲದಿದ್ದರೆ ನೀರು ಆವಿಯಾಗುವುದಿಲ್ಲ, ಶಾಖ ಒಳಗೇ ಉಳಿಯುತ್ತದೆ. ಎಚ್ಚರವಿಲ್ಲದ ನಾಯಿಯ ಬಾಯಿಗೆ ನೀರು ಹಾಕಲೂಬಾರದು.

ಎಲ್ಲ ನಾಯಿಗಳಿಗೂ ಒಂದೇ ನಿಯಮವೇ? ಉತ್ತರ ಹತ್ತಿರದಲ್ಲೇ ಇದೆ. ಘಟಪ್ರಭೆಯ ಗುಂಟ ಗೋಕಾಕ ದಾಟಿ ಕೆಳಗೆ ಹೋದರೆ ಮುಧೋಳ ಸಿಗುತ್ತದೆ. ಅಲ್ಲಿನ ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಭಾರತ ಸರ್ಕಾರ 2005ರಲ್ಲಿ ಹೊರತಂದಿತು. ತೆಳು ಮೈ, ಉದ್ದ ಕಾಲು, ಆಳವಾದ ಎದೆ, ಗಿಡ್ಡ ಕೂದಲು ಇದರ ಲಕ್ಷಣ. ಇಂಥ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಶಾಖ ಬೇಗ ಹೊರಹೋಗುತ್ತದೆ. ಬಯಲುಸೀಮೆಯ ಬೇಸಿಗೆಗೆ ಇದು ವರ. ಆದರೆ ಅದೇ ಮೈ ಡಿಸೆಂಬರಿನ ಚಳಿಯಲ್ಲಿ ನಡುಗುತ್ತದೆ. ದಟ್ಟ ಕೂದಲಿನ ಪಾಮೇರಿಯನ್ ನಾಯಿಯದು ಇದಕ್ಕೆ ತಿರುವುಮುರುವು. ಚಳಿ ಅದಕ್ಕೆ ಹಿತ, ಏಪ್ರಿಲ್ ಕಷ್ಟ. ಆದ್ದರಿಂದ ನಾಯಿಯ ಮೈ ನೋಡಿ, ಋತು ನೋಡಿ ಉಪಚಾರ ಮಾಡಬೇಕು.

ಬೇಸಿಗೆಯಲ್ಲಿ ತಿರುಗಾಟ ಬಿಸಿಲೇರುವ ಮೊದಲೇ ಮುಗಿಯಲಿ. ಸಂಜೆ ಡಾಂಬರು ರಸ್ತೆಗೆ ಇಳಿಸುವ ಮುನ್ನ ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಎಣಿಸಬೇಕು. ಕೈ ತಾಳದಿದ್ದರೆ ನಾಯಿಯ ಅಂಗಾಲೂ ತಾಳದು. ನೀರನ್ನು ಹಗುರ ತಗಡಿನ ಬಟ್ಟಲಿಗಿಂತ ಮಗುಚಿ ಬೀಳದ ಕಲ್ಲಿನ ಅಥವಾ ಮಣ್ಣಿನ ಪಾತ್ರೆಯಲ್ಲಿ, ನೆರಳಿನಲ್ಲಿ ಇಡಬೇಕು.

ಮಳೆಗಾಲದಲ್ಲಿ ಉಣ್ಣೆಗಳ ಕಾಟ ಹೆಚ್ಚಬಹುದು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನವೂ ನೋಡಿ ತೆಗೆಯಬೇಕು. ಅವು ರಕ್ತದ ಜ್ವರ ತರುತ್ತವೆ. ಇಲಿಗಳ ಮೂತ್ರ ಬೆರೆತ ನಿಂತ ನೀರಿನಿಂದ ನಾಯಿಗೂ ಮನುಷ್ಯನಿಗೂ ಇಲಿ ಜ್ವರ ಬರಬಹುದು. ಹೊರಗೆ ಬಿಡಲಾಗದ ದಿನ ರೊಟ್ಟಿಯ ಚೂರುಗಳನ್ನು ಪಡಸಾಲೆಯಲ್ಲಿ ಅಲ್ಲಲ್ಲಿ ಅಡಗಿಸಿಟ್ಟರೆ ಸಾಕು. ಮೂಸಿ ಹುಡುಕುವುದು ನಾಯಿಗೆ ಒಳ್ಳೆಯ ವ್ಯಾಯಾಮ, ಮಕ್ಕಳಿಗೆ ಒಳ್ಳೆಯ ಆಟ.

ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿದ್ದನ್ನು ಈ ಸೀಮೆಯ ಜನ ಮರೆತಿಲ್ಲ. ಹೊಳೆ ಏರಿ ಮನೆ ಬಿಡುವ ಪ್ರಸಂಗ ಬಂದರೆ ನಾಯಿಯನ್ನು ಜೊತೆಗೆ ಒಯ್ಯಬೇಕು. ಅದು ಸಾಧ್ಯವೇ ಇಲ್ಲದಿದ್ದರೆ ಸರಪಳಿಯನ್ನಾದರೂ ಬಿಚ್ಚಬೇಕು. ನಾಯಿಗೆ ಈಜು ಗೊತ್ತು, ಕೊಂಡಿ ಬಿಚ್ಚುವುದು ಗೊತ್ತಿಲ್ಲ.

ಚಳಿಗಾಲದಲ್ಲಿ ಫರಸಿ ಕಲ್ಲಿನ ನೆಲ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಒಣ ಹುಲ್ಲು ತುಂಬಿದ ಗೋಣಿಚೀಲ ಹಾಸಿದರೆ ಹುಲ್ಲಿನ ನಡುವೆ ನಿಂತ ಗಾಳಿ ಶಾಖವನ್ನು ತಡೆಹಿಡಿಯುತ್ತದೆ. ಮರಿಗಳಿಗೆ, ಮುದಿ ನಾಯಿಗಳಿಗೆ ಇದು ತೀರ ಅವಶ್ಯ. ರೇಬಿಸ್ ಲಸಿಕೆಗೆ ಮಾತ್ರ ಋತುವಿಲ್ಲ. ಪಶುವೈದ್ಯರು ಹೇಳಿದ ವೇಳೆಗೆ ಅದು ಬೀಳಲೇಬೇಕು.

ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ನಾಯಿ ಆರಾಮವಾಗಿ ಮಲಗಿದ್ದಾಗ ಅದರ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ದೂರದಿಂದಲೇ ಎಣಿಸಬೇಕು. ಮುಂಜಾನೆ, ಮಧ್ಯಾಹ್ನ, ರಾತ್ರಿ ಎಣಿಸಿ, ಆ ಹೊತ್ತಿನ ಹವೆಯೊಡನೆ ವಹಿಯಲ್ಲಿ ಬರೆದಿಡಬೇಕು. ವರ್ಷ ತುಂಬುವಷ್ಟರಲ್ಲಿ ಋತುಗಳ ಏರಿಳಿತ ಆ ಅಂಕಿಗಳಲ್ಲೇ ಕಾಣುತ್ತದೆ. ಮಧ್ಯಾಹ್ನದ ಅಂಕಿ ಏರಿದ ದಿನ ಪೆನ್ನು ಕೆಳಗಿಟ್ಟು ಮೊದಲು ಗೂಟವನ್ನು ನೆರಳಿಗೆ ಸರಿಸಬೇಕು.