ಆ ಕಲ್ಲನ್ನ ನಾನು ಕೀಳಿಸಲಿಲ್ಲ



ಹೋದ ವರ್ಷ ಸಾಲ ಮಾಡಿ ತಗೊಂಡ ಹಳೇ ಮನೆಯ ಅಡುಗೆಮನೆ ರಿಪೇರಿ ಈಗ ನಡೀತಾ ಇದೆ. ವೈರಿಂಗ್ ಬದಲಾಯ್ತು, ಪೈಪು ಬದಲಾಯ್ತು, ಗೋಡೆಗೆ ಟೈಲ್ಸ್ ಬಂತು. ಗ್ಯಾಸ್ ಕಟ್ಟೆಯ ಕಡಪ ಕಲ್ಲು ಮಾತ್ರ ಹಾಗೇ ಇದೆ. ಅದೊಂದಕ್ಕೆ ಮನೇಲಿ ಹದಿನೈದು ದಿನದಿಂದ ಜಗಳ. ಇದೇನಪ್ಪಾ ಇವನು ಕಟ್ಟೆ ಕಲ್ಲಿನ ಬಗ್ಗೆ ಪೋಸ್ಟ್ ಹಾಕ್ತಾನೆ ಅನ್ಬೇಡಿ, ಪೂರ್ತಿ ಓದಿ.

ಹನ್ನೊಂದಡಿ ಉದ್ದ, ಎರಡಡಿ ಅಗಲದ ಕಲ್ಲು. ಹುಣಸೆಹುಳಿ, ನಿಂಬೆರಸ ಬಿದ್ದ ಕಡೆಯೆಲ್ಲಾ ಬೆಳ್ಳನೆ ಕಲೆ. ಸಿಂಕ್ ಪಕ್ಕ ಅಂಚು ಒಂದಿಂಚು ಕಿತ್ತುಹೋಗಿದೆ. ಬಿರುಕು ಎಲ್ಲೂ ಇಲ್ಲ. ಮೇಸ್ತ್ರಿ ಸುತ್ತಿಗೆ ಹಿಡಿಯಲ್ಲಿ ತಟ್ಟಿ ನೋಡಿ, "ಕಲ್ಲು ಗಟ್ಟಿ ಇದೆ ಸಾರ್, ಆದ್ರೂ ಕಿತ್ತಾಕ್ಬಿಡಿ, ಗ್ರಾನೈಟ್ ಹಾಕಿದ್ರೆ ಲುಕ್ ಬರುತ್ತೆ" ಅಂದ. ನನ್ನ ಭಾವಮೈದ ಇನ್ನೊಂದು ಹೆಜ್ಜೆ ಮುಂದೆ ಹೋದ. "ಭಾವ, ಯಾರೋ ಮೂವತ್ತು ವರ್ಷ ಬೇಯಿಸಿ ತಿಂದಿರೋ ಕಟ್ಟೆ. ಅವರ ಎಂಜಲು ನಮಗ್ಯಾಕೆ?"

ಎಂಜಲು ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ನನಗೆ ಮೈಸೂರಿನ ಬಾಡಿಗೆ ಮನೆ ನೆನಪಾಯ್ತು.

2009ರಲ್ಲಿ ಅಲ್ಲಿದ್ವಿ. ಹೊಸ ಮನೆ, ನಾವೇ ಮೊದಲ ಬಾಡಿಗೆದಾರರು. ಕಟ್ಟೆಗೆ ಹಾಕಿದ್ದ ಕರಿ ಗ್ರಾನೈಟ್ ಫಳಫಳ ಅಂತಿತ್ತು. ನನ್ನ ಹೆಂಡತಿ ಅದನ್ನ ದಿನಾ ರಾತ್ರಿ ಒರೆಸಿ ಮಲಗ್ತಿದ್ಲು. ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ ಪಾಯಸ ಮಾಡಿ ಓನರ್ ಮನೆಗೂ ಕೊಟ್ವಿ. ಮುಂದಿನ ತಿಂಗಳೇ "ನಮ್ಮ ಮಗಳು ಬರ್ತಾಳೆ, ಮನೆ ಖಾಲಿ ಮಾಡಿ" ಅಂದ್ರು. ಮಾಡಿದ್ವಿ. ಉಳಿದ ಅಡ್ವಾನ್ಸ್ ಇಸ್ಕೊಳ್ಳೋಕೆ ವಾರ ಬಿಟ್ಟು ಹೋದಾಗ ಗೇಟಿನ ಮುಂದೆ ಆ ಕರಿ ಕಲ್ಲು ನಾಲ್ಕು ತುಂಡಾಗಿ ಬಿದ್ದಿತ್ತು. "ಯಾಕ್ ಸಾರ್, ಹೊಸದಿತ್ತಲ್ಲ" ಅಂದೆ. "ಏನಿಲ್ಲ, ಸುಮ್ನೆ, ಬೇರೆ ಕಲರ್ ಹಾಕ್ಸೋಣ ಅಂತ" ಅಂದ್ರು. ಮಗಳೂ ಬಂದಿರಲಿಲ್ಲ. ಟಾಯ್ಲೆಟ್ ಕಮೋಡ್ ಬದಲಾಯಿಸಿರಲಿಲ್ಲ, ನಾವು ನಡೆದಾಡಿದ ನೆಲ ಬದಲಾಯಿಸಿರಲಿಲ್ಲ. ನಾವು ಅನ್ನ ಬೇಯಿಸಿದ ಜಾಗ ಮಾತ್ರ.

ಇದನ್ನ ಭಾವಮೈದನಿಗೆ ಹೇಳಿದೆ. ಸುಮ್ಮನಾದ. ಅವನೂ ಸಂಘಟನೆ ಹುಡುಗನೇ, ಕೆಟ್ಟವನಲ್ಲ. ಆದರೆ ನೋಡಿ, ಅವರ ಖಾಯಿಲೆ ನಮಗೂ ಎಷ್ಟು ಸಲೀಸಾಗಿ ಅಂಟುತ್ತೆ. ಆ ಓನರ್ ಕಲ್ಲು ಒಡೆಸಿದ್ದಕ್ಕೂ ನಾವು ಕೀಳಿಸ್ತೀವಿ ಅನ್ನೋದಕ್ಕೂ ವ್ಯತ್ಯಾಸ ಹುಡುಕಿದೆ, ನನಗಂತೂ ಸಿಗಲಿಲ್ಲ.

ಇನ್ನೊಂದು ಕಾರಣ ನಮ್ಮ ಚಿಕ್ಕಪ್ಪ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕರಿಕಲ್ಲು, ಬಿಳಿಕಲ್ಲು ಎರಡೂ ಕ್ವಾರಿಗಳಲ್ಲಿ ಡ್ರಿಲ್ ಹಿಡಿದವನು. ಕೊನೆಗೆ ಜಲ್ಲಿ ಕ್ರಷರ್‌ಗೆ ಹೋದ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ ಎಲ್ಲಾ ಬೆಳ್ಳಗಿರೋದು. ಮೂರು ವರ್ಷ ಟಿಬಿ ಮಾತ್ರೆ ನುಂಗಿಸಿದ್ರು. ಕಫ ಪರೀಕ್ಷೇಲಿ ಒಂದ್ಸಲಾನೂ ಟಿಬಿ ಬರಲಿಲ್ಲ. ಸಿಲಿಕೋಸಿಸ್ ಅನ್ನೋ ಹೆಸರು ನಮ್ಮ ಕಿವಿಗೆ ಬಿದ್ದಿದ್ದು ಅವನು ತೀರ್ಕೊಂಡ ಮೇಲೆ. ಕಲ್ಲಿನ ಧೂಳಲ್ಲಿರೋ ಸಿಲಿಕಾ ಪುಪ್ಪುಸದಲ್ಲಿ ಕೂತು ಗಾಯ ಮಾಡುತ್ತೆ, ಆ ಗಾಯ ಗಂಟು ಕಟ್ಟುತ್ತೆ, ವಾಸಿ ಮಾಡೋ ಔಷಧಿ ಇಲ್ಲ. 1948ರ ಫ್ಯಾಕ್ಟರಿ ಕಾಯ್ದೆಯ ರೋಗಗಳ ಪಟ್ಟಿಯಲ್ಲೇ ಸಿಲಿಕೋಸಿಸ್ ಇತ್ತು. ಪಟ್ಟಿಯಲ್ಲಿದ್ದು ಏನ್ ಬಂತು? ನಾನು ದಿನಾ ಕಡತ ನೋಡೋ ಗುಮಾಸ್ತ, ನನಗೆ ಗೊತ್ತು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಕೆಲಸ ಮಾಡೇ ಇಲ್ಲ. ಕೆಲಸ ಮಾಡದವನಿಗೆ ಕೆಲಸದಿಂದ ರೋಗ ಹೇಗೆ ಬರುತ್ತೆ?

ಈಗ ಕ್ವಾರಿಗೆ ದೂರದ ರಾಜ್ಯಗಳ ಬಡವರೂ ಬಂದಿದ್ದಾರೆ. 2022ರಲ್ಲಿ ಗುಂಡ್ಲುಪೇಟೆ ಹತ್ತಿರದ ಮಡಹಳ್ಳಿಯಲ್ಲಿ ಬಿಳಿಕಲ್ಲು ಕ್ವಾರಿ ಕುಸಿದಾಗ ಸತ್ತವರು ಉತ್ತರ ಪ್ರದೇಶದಿಂದ ಬಂದ ಕೂಲಿಗಳು.

ಅಂಗಡಿಯವನು ಗ್ರಾನೈಟ್ ಬೇಡ ಅಂದ್ರೆ ಕ್ವಾರ್ಟ್ಜ್ ಹಾಕಿ, ಕಲೆ ಹಿಡಿಯಲ್ಲ ಅಂದ. ಕಲ್ಲಿನ ಪುಡಿಗೆ ಅಂಟು ಕಲಸಿ ಒತ್ತಿ ಮಾಡೋ ಸ್ಲ್ಯಾಬ್ ಅದು. ಅದರಲ್ಲಿ ಸಿಲಿಕಾ 90%ಗೂ ಮೇಲೆ ಇರಬಹುದು. ಅದನ್ನ ಕುಯ್ಯೋ ಕಾರ್ಮಿಕರಿಗೆ ಚಿಕ್ಕ ವಯಸ್ಸಿಗೇ ಸಿಲಿಕೋಸಿಸ್ ಬಂತು ಅಂತ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಾನೇ ಮಾಡಿದೆ. ಇಲ್ಲಿ ಅದಕ್ಕೆ ಶೋರೂಮ್ ಲೈಟು.

ಸರಿ, ಹಳೇ ಕಲ್ಲಿಗೆ ಏನ್ ಮಾಡ್ದೆ ಅಂತ ಹೇಳ್ತೀನಿ. ಹೊಸ ಗ್ರಾನೈಟ್‌ಗೆ ಕೂಲಿ ಎಲ್ಲಾ ಸೇರಿ 24 ಸಾವಿರ ಹೇಳಿದ್ರು. ಪಾಲಿಶ್ ಐದು ಸಾವಿರದಲ್ಲಿ ಮುಗೀತು. ಪಾಲಿಶ್ ಮಾಡೋ ಹುಡುಗ ಮೆಷಿನ್ ತಂದು ಒಣಗಲ್ಲ ಮೇಲೇ ಇಡೋಕೆ ಹೋದ. ತಡೆದೆ. "ನೀರು ಬಿಟ್ಕೊಂಡು ಉಜ್ಜು ತಮ್ಮ, ಎಷ್ಟೊತ್ತಾದ್ರೂ ಆಗ್ಲಿ" ಅಂದೆ. "ಗಲೀಜಾಗುತ್ತೆ ಸಾರ್, ಮನೆಯವ್ರು ಬೈತಾರೆ" ಅಂದ. ಅಲ್ಲೇ ಗೊತ್ತಾಗೋದು ನೋಡಿ, ನೆಲ ಕೆಸರಾಗಬಾರದು ಅಂತ ಧೂಳನ್ನ ಆ ಹುಡುಗನ ಎದೆಗೆ ತುಂಬಿಸ್ತಾ ಇರೋದು ನಮ್ಮ ಮನೆಗಳೇ.

50 ನಂಬರಿನ ಒರಟು ಪ್ಯಾಡಿಂದ ಶುರು ಮಾಡಿ 100, 200, 400 ಅಂತ ಹೋಗಿ 800ಕ್ಕೆ ನಿಲ್ಲಿಸಿದ. ಕನ್ನಡಿ ಹೊಳಪು ನಾನೇ ಬೇಡ ಅಂದೆ. ಕಡಪ ಸುಣ್ಣಕಲ್ಲಿನ ಜಾತಿ (ಕಲ್ಲಿಗೂ ಜಾತಿ ಅಂತೀವಲ್ಲ!), ಹುಳಿ ಬಿದ್ರೆ ಮತ್ತೆ ಕಲೆ ಆಗೋದೇ, ಹೊಳಪು ಹೆಚ್ಚಿದ್ದಷ್ಟೂ ಕಲೆ ಎದ್ದು ಕಾಣುತ್ತೆ. ಕಿತ್ತ ಅಂಚಿಗೆ ಕಪ್ಪು ಬಣ್ಣ ಕಲಸಿದ ಎಪಾಕ್ಸಿ ತುಂಬಿ ಉಜ್ಜಿದ. ನೀವು ಮಾಡಿಸೋದಾದ್ರೆ ಆ ಕೆಸರನ್ನ ಹಸಿ ಇರುವಾಗಲೇ ಬಟ್ಟೇಲಿ ಒರೆಸಿ ತೆಗೀರಿ. ಒಣಗಿದ ಮೇಲೆ ಗುಡಿಸಿದ್ರೆ ಅದೇ ಧೂಳು ಮೂಗಿಗೆ. ಮಾಸ್ಕ್ ತಂದುಕೊಟ್ಟೆ, ಹುಡುಗ ನಕ್ಕು ಜೇಬಿಗೆ ಇಟ್ಕೊಂಡ. ಎರಡನೇ ದಿನ ಹಾಕ್ಕೊಂಡ.

ಎಲ್ಲರೂ ಹಳೇ ಕಲ್ಲೇ ಇಟ್ಕೊಂಡ್ರೆ ಕ್ವಾರಿ ಕೆಲಸಗಾರರ ಹೊಟ್ಟೆಪಾಡು ಏನು ಅಂತ ಒಬ್ಬ ಸಂಗಾತಿ ಕೇಳಿದ್ರು. ನ್ಯಾಯವಾದ ಪ್ರಶ್ನೆ. ನನ್ನ ಹನ್ನೊಂದಡಿಯಿಂದ ಯಾವ ಕ್ವಾರೀನೂ ಮುಚ್ಚಲ್ಲ, ತೆರೆಯೋದೂ ಇಲ್ಲ. ಅಲ್ಲಿ ನೀರು ಹಾಕಿ ಡ್ರಿಲ್ ಮಾಡಿಸಿ, ವರ್ಷಕ್ಕೊಮ್ಮೆ ಎಕ್ಸ್-ರೇ ತೆಗೆಸಿ, ಹಾಜರಿಯಲ್ಲಿ ಹೆಸರು ಬರೀರಿ ಅಂತ ಕೇಳೋದು ಬೇರೆಯೇ ಹೋರಾಟ. ಅದನ್ನ ನಾವು ಗಟ್ಟಿಯಾಗಿ ಮಾಡಿಲ್ಲ, ನನ್ನನ್ನೂ ಸೇರಿಸಿ ಹೇಳ್ತಿದ್ದೀನಿ. ಚಿಕ್ಕಪ್ಪ ಕೆಮ್ಮುವಾಗ ನಾನು ಮೀಸಲಾತಿ ಧರಣಿಯಲ್ಲಿ ಮೈಕ್ ಹಿಡಿದಿದ್ದೆ.

ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು ಕಡೆಯವರು ದಯವಿಟ್ಟು ಗಮನಿಸಿ. ನಿಮ್ಮ ಕೇರಿಯಲ್ಲಿ ಕ್ವಾರಿ, ಕ್ರಷರ್‌ನಲ್ಲಿ ದುಡಿದು ಈಗ ಕೆಮ್ತಾ ಇರೋರು ಇದ್ರೆ ಅವರ ಹಳೇ ಎಕ್ಸ್-ರೇ, ಆಸ್ಪತ್ರೆ ಚೀಟಿ, ಕೂಲಿ ಬರೆದುಕೊಟ್ಟ ತುಂಡು ಕಾಗದ ಇದ್ರೂ ಸರಿ, ಎಸೆಯೋಕೆ ಬಿಡಬೇಡಿ. ಜೊತೆ ಕೆಲಸ ಮಾಡಿದವರ ಹೆಸರು ಬರೆದಿಡಿ. ಇನ್‌ಬಾಕ್ಸ್‌ಗೆ ಬನ್ನಿ, ಅರ್ಜಿ ನಾನು ಬರೆದುಕೊಡ್ತೀನಿ. ಭಾನುವಾರ ಪೂರ್ತಿ ಮನೇಲೇ ಇರ್ತೀನಿ, ಅಡುಗೆಮನೆ ಕೆಲಸವೂ ಅಷ್ಟರಲ್ಲಿ ಮುಗಿದಿರುತ್ತೆ.