ಕೈಗೆಟುಕದ ತಿರುಪು

ಎಂಜಿನ್ ನಿಂತರೆ ವಿಧಿಯನ್ನು ಹಳಿಯುವುದು ವಾಡಿಕೆ. ಆದರೆ ಬಹುವೇಳೆ ದೋಷವಿರುವುದು ನೆಲದ ಮೇಲೆ ಮಾಡದೆ ಬಿಟ್ಟ ಲೆಕ್ಕದಲ್ಲಿ. 1997ರ ಅಕ್ಟೋಬರ್ 12ರಂದು ಅಮೆರಿಕದ ಗಾಯಕ ಜಾನ್ ಡೆನ್ವರ್ ತಾವೇ ನಡೆಸುತ್ತಿದ್ದ ಪುಟ್ಟ ವಿಮಾನದೊಡನೆ ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಗೆ ಬಿದ್ದು ಮಡಿದರು. ಚಾಲಕರು ಅನುಭವಿಗಳು, ವಿಮಾನ ಅವರಿಗೆ ಹೊಸತು. ಹೊರಡುವ ಮುನ್ನ ಇಂಧನ ತುಂಬಿಸಿರಲಿಲ್ಲ. ತೊಟ್ಟಿಯಿಂದ ತೊಟ್ಟಿಗೆ ಇಂಧನ ಬದಲಿಸುವ ತಿರುಪು, ಮೂಲ ವಿನ್ಯಾಸವನ್ನು ಮೀರಿ, ಎಡಭುಜದ ಹಿಂದೆ ಕುಳಿತಿತ್ತು. ಅದಕ್ಕಾಗಿ ಮೈ ಹೊರಳಿಸಿದಾಗ ಕಾಲು ಚುಕ್ಕಾಣಿಯ ಪೆಡಲನ್ನು ಒತ್ತಿ ವಿಮಾನ ಹತೋಟಿ ತಪ್ಪಿತೆಂಬುದು ತನಿಖೆಯ ತರ್ಕ.

ಹಗಲು ಹಾರಾಟದಲ್ಲಿ ಗುರಿ ಮುಟ್ಟಿದ ಮೇಲೂ ಅರ್ಧ ಗಂಟೆಯ ಇಂಧನ ಮಿಗುವಂತಿರಬೇಕೆಂಬುದು ಅಮೆರಿಕದ ನಿಯಮ. ಮನುಷ್ಯ ತಪ್ಪುವವನೆಂದು ಬಲ್ಲವರು ವಿಧಿಸಿದ ಮೀಸಲದು. ಅದನ್ನು ನೆಲದಲ್ಲಿರುವಾಗಲೇ ತುಂಬಿಕೊಳ್ಳಬೇಕು. ಆಕಾಶದಲ್ಲಿ ತಿರುಪನ್ನು ತಡಕುವ ಹೊತ್ತಿಗೆ ಕಾಲ ಮೀರಿರುತ್ತದೆ.